ಎಂಟು ಬೆರಳಿನ ಬಾಣ

ಮೇಷ್ಟ್ರು ಬ್ರೆಡ್ಡನ್ನು ಕೌಂಟರಿನ ಮೇಲೆ ಎರಡು ಸಲ ಕುಟ್ಟಿದರು. ಟಕ್, ಟಕ್. ಯಾರೋ ಬಾಗಿಲು ಬಡಿದ ಹಾಗೆ ಸದ್ದಾಯಿತು.

"ಕೇಳಿಸ್ತೇನಮ್ಮಾ?"

ಕೌಂಟರಿನ ಒಳಗೆ ನಿಂತಿದ್ದ ಸೊಸೆಗೆ ಕೇಳಿಸಿತ್ತು. ಮೇಷ್ಟ್ರ ಹಿಂದೆ ಸಾಲಿನಲ್ಲಿ ನಿಂತಿದ್ದ ಮೂವರಿಗೂ ಕೇಳಿಸಿತ್ತು. ಅವರಲ್ಲೊಬ್ಬರು ಆಗಲೇ ಕೈಚೀಲವನ್ನು ಮಡಚಿಕೊಳ್ಳುತ್ತಿದ್ದರು.

"ನಲವತ್ತು ವರ್ಷ ಮಕ್ಕಳ ಹತ್ರ ಅರಚಾಡಿ ಉಳಿಸ್ಕೊಂಡಿರೋ ಹಲ್ಲು ಇವು. ನಿಮ್ಮ ಬ್ರೆಡ್ಡಿಗೆ ಕೊಡೋಕೆ ನನಗೆ ಮನಸ್ಸಿಲ್ಲ," ಎಂದರು ಮೇಷ್ಟ್ರು. ಸಿಟ್ಟಿನಿಂದೇನೂ ಹೇಳಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, "ನಿಮ್ಮ ಮಾವ ಬರೋದು ಯಾವಾಗ?" ಎಂದು ಕೇಳಿದರು. ಆ ವಾರ ಈ ಪ್ರಶ್ನೆ ಕೇಳಿದವರಲ್ಲಿ ಅವರು ಐದನೆಯವರು. ಬ್ರೆಡ್ಡು ಗಟ್ಟಿಯಾಯಿತು ಎಂದಿದ್ದಕ್ಕಿಂತ ಈ ಮಾತೇ ಸೊಸೆಗೆ ಹೆಚ್ಚು ಚುಚ್ಚಿತು.

ಮಾವ ಬರುವುದು ನಾಳಿದ್ದು. ಕಣ್ಣಿನ ಆಪರೇಶನ್ನಿಗೆಂದು ಮಗಳ ಮನೆಗೆ ಹೋದವರು ಹತ್ತು ದಿನ ಅಲ್ಲೇ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ಹೋಗುವ ದಿನ ಸೊಸೆಯನ್ನು ಕರೆದು, "ನಾನು ಬರೋವರೆಗೂ ಬೇಕರಿ ನೀನೇ ನೋಡ್ಕೋ. ನಿನ್ನ ಕೈಲಾಗುತ್ತೆ ಅಂತ ಕಂಡ್ರೆ ಆಮೇಲೂ ನಿನ್ನದೇ. ಆಗದಿದ್ರೆ ಬೇಜಾರಿಲ್ಲ ಮಗು, ಬಾಗಿಲು ಹಾಕಿಬಿಡೋಣ. ನನಗೂ ಸಾಕಾಗಿದೆ," ಎಂದಿದ್ದರು. ಗಂಡನನ್ನು ಕೇಳುವ ಪ್ರಶ್ನೆಯೇ ಇರಲಿಲ್ಲ. ಅವನಿಗೆ ವ್ಯಾನು ಓಡಿಸುವುದು ಇಷ್ಟ, ವ್ಯಾನಿನಲ್ಲಿ ಬ್ರೆಡ್ಡಿದೆಯೋ ಇಟ್ಟಿಗೆಯಿದೆಯೋ ಅವನಿಗೆ ಅಷ್ಟಾಗಿ ಬೇಕಿರಲಿಲ್ಲ. ಈ ವಾರವಂತೂ ಎರಡಕ್ಕೂ ವ್ಯತ್ಯಾಸ ಕಮ್ಮಿಯಿತ್ತು.

ಆದರೆ ಸೊಸೆಗೆ ಈ ಕೆಲಸ ಮನಸ್ಸಿಗೆ ಹಿಡಿಸಿಬಿಟ್ಟಿತ್ತು. ಒಂಬತ್ತು ವರ್ಷ ಆಫೀಸಿನಲ್ಲಿ ಕೂತು ವರದಿ ತಯಾರಿಸಿದವಳು ಅವಳು. ಅವಳ ಒಂದೇ ಒಂದು ವರದಿಯನ್ನು ಯಾರಾದರೂ ಕೊನೆಯ ಪುಟದವರೆಗೆ ಓದಿದ ದಾಖಲೆಯಿಲ್ಲ. ಇಲ್ಲಿ ಹಾಗಲ್ಲ, ಬೆಳಿಗ್ಗೆ ಕೊಟ್ಟಿದ್ದನ್ನು ಸಂಜೆಯೊಳಗೆ ಜನ ತಿಂದು ಮುಗಿಸುತ್ತಾರೆ. ಮುಗಿಸಿ ಮರುದಿನ ಮತ್ತೆ ಬರುತ್ತಾರೆ. ಅದಕ್ಕಿಂತ ದೊಡ್ಡ ಸುಖ ಬೇರೆಯಿದೆ ಎಂದು ಅವಳಿಗೆ ಅನ್ನಿಸಿರಲಿಲ್ಲ. ಈ ಬಾಗಿಲು ಮುಚ್ಚಿದರೆ ಮತ್ತೆ ಆ ಆಫೀಸಿನ ಮೆಟ್ಟಿಲು ಹತ್ತಬೇಕಿತ್ತು.

ಆಫೀಸಿನಿಂದ ಅವಳು ತಂದುಕೊಂಡಿದ್ದ ಕಾಯಿಲೆ ಒಂದೇ, ಅಚ್ಚುಕಟ್ಟು. ಮಾವ ಹೋದ ಮಾರನೆಯ ದಿನವೇ ಕಪಾಟುಗಳನ್ನು ಒರೆಸಿದಳು, ಡಬ್ಬಗಳಿಗೆ ಚೀಟಿ ಅಂಟಿಸಿದಳು. ನಾಲ್ಕನೆಯ ದಿನ ಅವಳ ಕಣ್ಣು ಭಟ್ಟಿಯ ಪಕ್ಕದ ಗೋಡೆಯ ಮೇಲೆ ಬಿತ್ತು. ಅಲ್ಲಿ ಮಾವನ ಕೈಬರಹದ ಹಾಳೆಯೊಂದಿತ್ತು. ಬ್ರೆಡ್ಡು ಮಾಡುವ ಕ್ರಮ, ಒಟ್ಟು ಐದು ಸಾಲು, ಪ್ರತಿ ಸಾಲಿನ ಆರಂಭದಲ್ಲಿ ಒಂದೊಂದು ಬಾಣ. ಇಪ್ಪತ್ತಾರು ವರ್ಷದ ಜಿಡ್ಡು ಕುಡಿದು ಹಾಳೆ ಕಂದಾಗಿತ್ತು, ಅಂಚು ಸುರುಳಿ ಸುತ್ತಿತ್ತು. ಬಾಣಗಳಂತೂ ಒಂದು ಗಿಡ್ಡ, ಒಂದು ಉದ್ದ, ಇನ್ನೊಂದು ಹಾಳೆಯ ಮುಕ್ಕಾಲು ಭಾಗ ನುಂಗಿಕೊಂಡು ಮಲಗಿತ್ತು. ಅವಳಿಗೆ ನೋಡಲಾಗಲಿಲ್ಲ.

ಆ ಸಂಜೆ ಕಂಪ್ಯೂಟರಿನ ಮುಂದೆ ಕೂತು ಐದೂ ಸಾಲುಗಳನ್ನು ಒಂದಕ್ಷರ ಬಿಡದೆ ಟೈಪು ಮಾಡಿದಳು. ಅದಕ್ಕೆ ಐದು ನಿಮಿಷ ಹಿಡಿಯಿತು. ಬಾಣ ಆರಿಸಲು ಮುಕ್ಕಾಲು ಗಂಟೆ. ಚಿಹ್ನೆಗಳ ಪಟ್ಟಿಯಲ್ಲಿ ಎಷ್ಟೊಂದು ಬಗೆಯ ಬಾಣಗಳು! ರೆಕ್ಕೆಯಿದ್ದವು, ಜೋಡಿ ಗೆರೆಯವು, ನೆರಳಿದ್ದವು, ಕೊಂಕಿದ ಕತ್ತಿನವು. ಕೊನೆಗೆ ಕಪ್ಪಗೆ, ದುಂಡಗೆ, ಬಾಲವೇ ಇಲ್ಲದ ಒಂದು ಪುಟ್ಟ ಬಾಣ ಅವಳಿಗೆ ಒಪ್ಪಿಗೆಯಾಯಿತು. ಐದು ಸಾಲಿಗೆ ಐದು ಬಾಣ, ಒಂದರ ಕೆಳಗೊಂದು, ನೂಲು ಹಿಡಿದು ಇಟ್ಟ ಹಾಗೆ. ಹಾಳೆಗೆ ಲ್ಯಾಮಿನೇಶನ್ನೂ ಮಾಡಿಸಿದಳು. ಏಕೆಂದರೆ ಹಿಟ್ಟಕ್ಕ ದಿನಾ ಬೆಳಿಗ್ಗೆ ಹಿಟ್ಟಿನ ಕೈಯನ್ನು ಹಾಳೆಗೆ ಒತ್ತಿ ಕೊಳೆ ಮಾಡುವುದನ್ನು ಅವಳು ಗಮನಿಸಿದ್ದಳು.

ಹಿಟ್ಟಕ್ಕ ಎಂದರೆ ಬೇಕರಿಯಲ್ಲಿ ಹಿಟ್ಟು ನಾದುವ ಹೆಂಗಸು. ಮೊಣಕೈವರೆಗೆ ಸದಾ ಬೆಳ್ಳಗಿರುತ್ತಿದ್ದುದರಿಂದ ಆ ಹೆಸರು ಬಿದ್ದಿತ್ತು, ನಿಜವಾದ ಹೆಸರು ಪಗಾರದ ಪುಸ್ತಕಕ್ಕೆ ಮಾತ್ರ ಗೊತ್ತು. ಇಪ್ಪತ್ತಾರು ವರ್ಷಗಳಿಂದ ಹಿಟ್ಟೂ ಅವಳದೇ, ಭಟ್ಟಿಯೂ ಅವಳದೇ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಕೇಳದೆ ಇದ್ದಿದ್ದನ್ನು ಹೇಳುತ್ತಿರಲಿಲ್ಲ. ಹಳೆಯ ಹಾಳೆಯನ್ನು ಸೊಸೆ ಗೋಡೆಯಿಂದ ಕಿತ್ತು, ಎರಡಾಗಿ ಹರಿದು ಕಸದ ಡಬ್ಬಿಗೆ ಹಾಕಿದಾಗಲೂ ಹಿಟ್ಟಕ್ಕ ಒಂದು ಕ್ಷಣ ನಾದುವುದನ್ನು ನಿಲ್ಲಿಸಿದಳು, ಅಷ್ಟೇ. ಆಮೇಲೆ ಮುಂದುವರಿಸಿದಳು.

ಹೊಸ ಹಾಳೆ ಬಂದ ಮೇಲೆ ಒಂದು ಸೋಜಿಗವಾಯಿತು. ಮುಂಚೆ ಒಂಬತ್ತೂವರೆಗೆ ಅಂಗಡಿಗೆ ಬರುತ್ತಿದ್ದ ಬ್ರೆಡ್ಡು ಈಗ ಏಳಕ್ಕೇ ಬಂತು. "ನೋಡಿದ್ರಾ, ಸರಿಯಾಗಿ ಬರೆದಿಟ್ರೆ ಕೆಲಸ ಎಷ್ಟು ಬೇಗ ಆಗುತ್ತೆ!" ಎಂದು ಸೊಸೆ ಗಂಡನ ಮುಂದೆ ಬೀಗಿದ್ದಳು. ಬೇಗ ಹೊರಟು ಬೇಗ ಬರುವಂತಾದ ಅವನೂ ತಲೆಯಾಡಿಸಿದ್ದ. ಮರುದಿನದಿಂದ ಬ್ರೆಡ್ಡುಗಳು ಒಂದೊಂದಾಗಿ ವಾಪಸ್ಸು ಬರತೊಡಗಿದವು.

ಅವಳು ಸುಮ್ಮನೆ ಕೂರಲಿಲ್ಲ. ಯೀಸ್ಟ್ ಹಳೆಯದೇನೋ ಎಂದು ಹೊಸ ಪೊಟ್ಟಣ ತರಿಸಿದಳು. ಹಿಟ್ಟಿನ ಮೂಟೆ ಬದಲಾಯಿಸಿದಳು. ಭಟ್ಟಿಯ ಬಾಗಿಲು ಸರಿಯಾಗಿ ಕೂರುತ್ತಿಲ್ಲವೆಂದು ರಿಪೇರಿಯವನನ್ನು ಕರೆಸಿದಳು. ಅವನು ಬಾಗಿಲನ್ನು ಆರು ಸಲ ತೆಗೆದು ಹಾಕಿ ಒಂದು ಬ್ರೆಡ್ಡು ತಿಂದು ಹೋದ, ಅದೂ ಅರ್ಧ. ಹಿಟ್ಟಕ್ಕನನ್ನೂ ಕೇಳಿದ್ದಳು.

"ಅಕ್ಕ, ನಾದೋದು ಸರಿಯಾಗಿ ಆಗ್ತಿದೆಯಾ?"

"ಆಗ್ತಿದೆ."

"ಮುಚ್ಚಿಡ್ತಿದೀರಿ ತಾನೇ?"

"ಮುಚ್ಚಿಡ್ತೀನಲ್ಲ."

ಅದಕ್ಕಿಂತ ಹೆಚ್ಚು ಏನು ಕೇಳಬೇಕೆಂದು ಅವಳಿಗೂ ತಿಳಿಯಲಿಲ್ಲ.

ಮೇಷ್ಟ್ರು ಬ್ರೆಡ್ಡು ಕುಟ್ಟಿ ಹೋದ ಮಾರನೆಯ ಬೆಳಿಗ್ಗೆ ಅವಳು ಐದು ಗಂಟೆಗೇ ಬಂದು ಹಿಂದಿನ ಕೋಣೆಯಲ್ಲಿ ಮಗುಚಿಟ್ಟ ಡಬ್ಬದ ಮೇಲೆ ಕೂತಳು. ಹಿಟ್ಟಕ್ಕ ಎಂದಿನಂತೆ ಕೆಲಸ ಶುರು ಮಾಡಿದಳು. ಹಿಟ್ಟು ಕಲಸಿದಳು, ಉಪ್ಪು ಹಾಕಿದಳು, ಇಡೀ ಮೈ ಬಗ್ಗಿಸಿ ನಾದಿದಳು. ಅಂಗೈಗೆ ಅಂಟದ ಹದ ಬಂದ ಮೇಲೆ ದೊಡ್ಡ ತಪ್ಪಲೆಗೆ ಹಾಕಿ ಒದ್ದೆ ಬಟ್ಟೆ ಮುಚ್ಚಿದಳು. ಆಮೇಲೆ ಗೋಡೆಯ ಹತ್ತಿರ ಹೋಗಿ ಪ್ಲಾಸ್ಟಿಕ್ಕಿನ ಹಾಳೆಯ ಮೂರನೆಯ ಸಾಲಿನ ಮುಂದಿನ ಬಾಣದ ಮೇಲೆ ತೋರುಬೆರಳನ್ನು ಅಡ್ಡಲಾಗಿ ಇಟ್ಟು ನೋಡಿದಳು. ಬಾಣ ಬೆರಳಿನ ಅಡಿಯಲ್ಲಿ ಪೂರ್ತಿ ಮುಚ್ಚಿಹೋಯಿತು. ಹಿಂತಿರುಗಿ ಗಡಿಯಾರ ನೋಡಿ, ಬಟ್ಟಲು ತೊಳೆದಳು. ಕಾಲು ಗಂಟೆಯಾಗಿರಬಹುದು, ಒದ್ದೆ ಬಟ್ಟೆ ತೆಗೆದು ಉಂಡೆ ಕಟ್ಟಲು ಶುರು ಮಾಡಿದಳು.

"ಅಕ್ಕ, ಇಷ್ಟು ಬೇಗ?"

"ಬಾಣ ಇಷ್ಟೇ ಇದೆಯಲ್ಲಮ್ಮಾ."

ಸೊಸೆ ಡಬ್ಬದ ಮೇಲಿಂದ ಎದ್ದಳು. "ಬಾಣಕ್ಕೂ ಇದಕ್ಕೂ ಏನು ಸಂಬಂಧ?"

ಹಿಟ್ಟಕ್ಕ ಅವಳನ್ನು ನೋಡಿದ ರೀತಿ ಓದಿದವರಿಗೆ ಇಷ್ಟೂ ತಿಳಿಯದೇ ಎಂಬಂತಿತ್ತು. ಕೈಯಲ್ಲಿದ್ದ ಉಂಡೆಯನ್ನು ಕೆಳಗಿಟ್ಟು ನಿಧಾನವಾಗಿ ಹೇಳಿದಳು. ಕೆಲಸಕ್ಕೆ ಸೇರಿದ ದಿನ ಯಜಮಾನರು ಗೋಡೆ ತೋರಿಸಿ, ಬಾಣ ನೋಡ್ಕೊಂಡು ಹೋಗು, ತಪ್ಪೋದಿಲ್ಲ ಅಂದಿದ್ದರು. ಮೊದಲ ಸಾಲಿಗೆ ಬಾಣ ಬೇಕಿರಲಿಲ್ಲ. ನಾದುವ ಸಾಲಿನಲ್ಲಿ ಅಂಗೈಗೆ ಅಂಟದಷ್ಟು ಹೊತ್ತು ಅಂತ ಬರೆದಿತ್ತು. ಭಟ್ಟಿಯ ಸಾಲಿನಲ್ಲಿ ತಳ ಬಡಿದು ನೋಡು ಅಂತ ಬರೆದಿತ್ತು. ಆದರೆ ಮೂರನೆಯ ಸಾಲಿನಲ್ಲಿ 'ಮುಚ್ಚಿಡುವುದು' ಎಂದಷ್ಟೇ ಇತ್ತು. ಎಷ್ಟು ಹೊತ್ತು? ಅದರ ಮುಂದೆ ಉದ್ದಾನುದ್ದ ಬಾಣ.

"ಬೆರಳಿಟ್ಟು ನೋಡ್ದೆ. ಎಂಟು ಬೆರಳು ಹಿಡೀತು. ಒಂದು ಬೆರಳಿಗೆ ಅರ್ಧ ಗಂಟೆ ಲೆಕ್ಕ ಹಾಕ್ದೆ, ಹುಳಿ ಹುಳಿ ಆಯ್ತು. ಕಾಲು ಗಂಟೆ ಹಾಕ್ದೆ, ಸರಿಹೋಯ್ತು. ಉಂಡೆ ಕಟ್ಟಿದ ಮೇಲೆ ಇಡೋದಕ್ಕೆ ನಾಲ್ಕು ಬೆರಳು. ಅವತ್ತಿಂದ ಹಾಗೇ ಮಾಡ್ತಿದ್ದೆ."

"ಮತ್ತೆ ಈ ವಾರ?"

"ಈ ವಾರ ನೀವು ಬಾಣ ಗಿಡ್ಡ ಮಾಡಿದ್ರಿ. ಹೊಸ ಯಜಮಾನಿಗೆ ಅವಸರ ಇರಬೇಕು ಅಂದ್ಕೊಂಡೆ."

"ಬ್ರೆಡ್ಡು ಹಾಳಾಗ್ತಿರೋದು ನಿಮಗೆ ಗೊತ್ತಿತ್ತಲ್ಲ ಅಕ್ಕ!"

"ಗೊತ್ತಿಲ್ದೆ ಏನು? ಮೊದಲ್ನೇ ದಿನವೇ ಗೊತ್ತಾಯ್ತು." ಹಿಟ್ಟಕ್ಕ ಮತ್ತೆ ಉಂಡೆಗೆ ಕೈ ಹಾಕಿದಳು. "ಇಪ್ಪತ್ತಾರು ವರ್ಷದ ಹಾಳೆ ಹರಿಯೋವಾಗ ನನ್ನನ್ನ ಒಂದು ಮಾತು ಕೇಳಿದ್ರಾ?"

ಸೊಸೆಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ನಾಚಿಕೆಯೇ ಹೆಚ್ಚಾಗಿದ್ದರಿಂದ ಸಿಟ್ಟು ತಾನಾಗಿ ಹಿಂದೆ ಸರಿಯಿತು. "ಕೇಳಬೇಕಿತ್ತು. ತಪ್ಪಾಯ್ತು ಅಕ್ಕ," ಎಂದಳು.

"ಹೂಂ," ಎಂದಳು ಹಿಟ್ಟಕ್ಕ. ಕಟ್ಟಿದ್ದ ಉಂಡೆಗಳನ್ನೆಲ್ಲ ಮತ್ತೆ ತಪ್ಪಲೆಗೆ ಸೇರಿಸಿ ಬಟ್ಟೆ ಮುಚ್ಚಿ, ಸೊಸೆಯ ಪಕ್ಕಕ್ಕೆ ಇನ್ನೊಂದು ಡಬ್ಬ ಎಳೆದುಕೊಂಡು ಕೂತಳು. "ಹಾಗಾದ್ರೆ ಎರಡು ಗಂಟೆ ಮಾತಾಡೋಣ."

ಅವರು ಮಾತಾಡಿದರು. ಹಿಟ್ಟಕ್ಕನಿಗೆ ಇಷ್ಟು ಮಾತಿದೆಯೆಂದು ಸೊಸೆಗೆ ಗೊತ್ತಿರಲಿಲ್ಲ. ಏಳಕ್ಕೆ ಬಂದ ಗಂಡ ಖಾಲಿ ಟ್ರೇಗಳನ್ನು ನೋಡಿ, ವ್ಯಾನಿನಲ್ಲೇ ಕಾಲು ಚಾಚಿ ಮಲಗಿದ. ಬೆಳಕು ಕಿಟಕಿಯಿಂದ ಇಳಿದು ತಪ್ಪಲೆಯವರೆಗೆ ಬರುವಷ್ಟರಲ್ಲಿ ಒದ್ದೆ ಬಟ್ಟೆ ತಾನಾಗಿ ಮೇಲೆದ್ದು ಗುಮ್ಮಟವಾಗಿತ್ತು. ಹತ್ತಕ್ಕೆ ಹೊರಬಂದ ಬ್ರೆಡ್ಡನ್ನು ಮುರಿದಾಗ ಒಳಗಿನಿಂದ ಉಸಿರಿನಂತೆ ಹಬೆ ಬಂತು. ಮಧ್ಯಾಹ್ನ ಮೇಷ್ಟ್ರು ಬಂದು ಒಂದನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಒತ್ತಿ ನೋಡಿ, ಎರಡು ತೆಗೆದುಕೊಂಡು ಹೋದರು.

ಮಾರನೆಯ ದಿನ ಮಾವ ಬಂದರು. ಹೊಸ ಕಣ್ಣು ಬಂದ ಉತ್ಸಾಹದಲ್ಲಿ ಎಲ್ಲವನ್ನೂ ಹತ್ತಿರದಿಂದ, ದೂರದಿಂದ ನೋಡಿದರು. "ಇಲ್ಲಿ ಇಷ್ಟೊಂದು ಧೂಳಿತ್ತಾ?" ಎಂದು ಸೊಸೆ ಮೂರು ಸಲ ಒರೆಸಿದ್ದ ಕಪಾಟಿನ ಮೇಲೆ ಬೆರಳಾಡಿಸಿದರು. ಸ್ವಂತ ಮಗನನ್ನು ನೋಡಿ, "ನಿನಗೆ ಬಿಳಿ ಕೂದಲು ಬಂದಿದೆಯಲ್ಲೋ!" ಎಂದರು. ಆಮೇಲೆ ಬಿಸಿ ಬ್ರೆಡ್ಡಿನ ಒಂದು ತುಂಡು ಮುರಿದು, ಕಣ್ಣು ಮುಚ್ಚಿ ತಿಂದು, ನಿಟ್ಟುಸಿರು ಬಿಟ್ಟರು.

"ಇದು ನನ್ನ ಬ್ರೆಡ್ಡು. ನಾನಿಲ್ದೆ ಇದ್ರೂ ನನ್ನ ಕೈರುಚಿ ಹಾಗೇ ಇದೆ ನೋಡು. ಪಾಸಾದೆ ಕಣಮ್ಮಾ."

ಅಲ್ಲಿಗೇ ಬಿಟ್ಟಿದ್ದರೆ ಎಲ್ಲ ಮುಗಿದಿತ್ತು. ಸೊಸೆಗೆ ಬೇಕಾಗಿದ್ದ ಮಾತು ಸಿಕ್ಕಿತ್ತು. ಅವಳು ಹಿಂದೆ ತಿರುಗಿ ನೋಡಿದಳು. ಹಿಟ್ಟಕ್ಕ ತಲೆ ಬಗ್ಗಿಸಿ ಬಾಣಲೆಯ ತಳ ಉಜ್ಜುತ್ತಿದ್ದಳು, ಏನೂ ಕೇಳಿಸದವಳ ಹಾಗೆ. ಅದನ್ನು ಸೊಸೆಯಿಂದ ಸಹಿಸಲಾಗಲಿಲ್ಲ.

"ಮಾವ, ನಾಲ್ಕೈದು ದಿನ ಬ್ರೆಡ್ಡು ಕಲ್ಲಾಗಿತ್ತು," ಎಂದಳು. "ನಿಮ್ಮ ಹಾಳೆ ನಾನು ಹರಿದು ಹಾಕಿದೆ." ಒಂದೇ ಉಸಿರಿನಲ್ಲಿ ಮಿಕ್ಕಿದ್ದನ್ನೂ ಹೇಳಿದಳು. ಮೇಷ್ಟ್ರ ಹಲ್ಲು, ಬಾಲವಿಲ್ಲದ ಬಾಣ, ಎಂಟು ಬೆರಳು, ಯಾವುದನ್ನೂ ಬಿಡಲಿಲ್ಲ.

ಮಾವ ಗೋಡೆಯತ್ತ ಹೋಗಿ ಹೊಳೆಯುವ ಹಾಳೆಯನ್ನು ಬಹಳ ಹೊತ್ತು ನೋಡಿದರು. ಅಪ್ಪ ಈಗ ಕೂಗಾಡುತ್ತಾರೆ ಎಂದು ಮಗ ಸದ್ದಿಲ್ಲದೆ ವ್ಯಾನಿನ ಕಡೆಗೆ ಹೊರಟ.

"ಹಿಟ್ಟಕ್ಕ," ಎಂದರು ಅವರು. "ಆ ಬಾಣ ಉದ್ದ ಎಳೆದಿದ್ದು ಯಾಕೆ ಗೊತ್ತಾ?"

"ಕಾಯೋಕೆ."

"ಅಲ್ಲ. 'ಮುಚ್ಚಿಡುವುದು' ಅನ್ನೋದು ಒಂದೇ ಪದ. ಬೇರೆ ಸಾಲೆಲ್ಲ ಉದ್ದ, ಅದೊಂದು ಮೋಟು. ಎಲ್ಲ ಸಾಲೂ ಬಲಗಡೆ ಒಂದೇ ಕಡೆ ಮುಗಿದ್ರೆ ಚಂದ ಅಂತ, ಎಡಗಡೆ ಉಳಿದ ಜಾಗ ತುಂಬ್ಸೋಕೆ ಬಾಣ ಎಳೆದೆ. ಅಷ್ಟೇ."

ಹಿಟ್ಟಕ್ಕ ಬಾಣಲೆ ಉಜ್ಜುವುದನ್ನು ನಿಲ್ಲಿಸಿದಳು. ಸೊಸೆ ಮಾವನ ಮುಖ ನೋಡಿದಳು. ಅಚ್ಚುಕಟ್ಟು ಆಫೀಸಿನಿಂದ ಬರುವ ಕಾಯಿಲೆ ಮಾತ್ರವಲ್ಲ, ಈ ಮನೆಯಲ್ಲೂ ಮೊದಲಿನಿಂದ ಇತ್ತು.

"ನಾನು ಮುಚ್ಚಿಡ್ತಿದ್ದದ್ದು ಮುಕ್ಕಾಲು ಗಂಟೆ," ಎಂದರು ಮಾವ, ಯಾರಿಗೂ ಅಲ್ಲ, ಗೋಡೆಗೆ. "ಆಗ ಯಾರೂ ಬ್ರೆಡ್ಡು ವಾಪಸ್ಸು ತರ್ತಿರಲಿಲ್ಲ. ಹೊಗಳ್ತಾನೂ ಇರಲಿಲ್ಲ. ಆಮೇಲೆ ನನ್ನ ಬೆನ್ನು ಹಿಡ್ಕೊಳ್ತು, ನೀನು ಕೆಲಸಕ್ಕೆ ಬಂದೆ, ನಾನು ಕೌಂಟರಿಗೆ ಹೋದೆ. ಆ ವರ್ಷದಿಂದ್ಲೇ ಸಾಲು ಬಾಗಿಲು ದಾಟಿ ಬೀದಿಗೆ ಬಂತು. ನಾನು ಹಿಟ್ಟಿನ ಗಿರಣಿ ಬದಲಾಯಿಸಿದ್ದಕ್ಕೆ ಅಂದ್ಕೊಂಡಿದ್ದೆ. ಇಪ್ಪತ್ತಾರು ವರ್ಷ ಕಂಡಕಂಡೋರ ಹತ್ರ ನನ್ನ ಕೈರುಚಿ, ನನ್ನ ಕೈರುಚಿ ಅಂತ..."

ಕಪ್ಪು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಮುಖ ಸಣ್ಣದಾಗಿತ್ತು. ಹೇಳಬಾರದಿತ್ತೇನೋ ಎಂದು ಸೊಸೆಗೆ ಅನ್ನಿಸಿತು.

"ನಾದೋದು ನೀವೇ ಹೇಳಿಕೊಟ್ಟಿದ್ದು ಯಜಮಾನ್ರೇ," ಎಂದಳು ಹಿಟ್ಟಕ್ಕ.

"ನಾದೋದು ಯಾರು ಬೇಕಾದ್ರೂ ನಾದ್ತಾರೆ ಬಿಡು," ಎಂದರು ಮಾವ. ಆಮೇಲೆ ಇದ್ದಕ್ಕಿದ್ದಂತೆ ಅವರ ಹೊಟ್ಟೆ ಕುಲುಕತೊಡಗಿತು. ನಗುತ್ತಿದ್ದಾರೆಂದು ತಿಳಿಯಲು ಉಳಿದವರಿಗೆ ಸ್ವಲ್ಪ ಹೊತ್ತು ಬೇಕಾಯಿತು. "ಚಂದ ಕಾಣ್ಲಿ ಅಂತ ಎಳೆದ ಗೆರೆಗೆ ಎರಡು ಗಂಟೆ ಕಾದಳಲ್ಲಪ್ಪಾ ಇವಳು, ದಿನಾ!" ಎಂದು ಡಬ್ಬದ ಮೇಲೆ ಕೂತರು. ಹಿಟ್ಟಕ್ಕನೂ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೂಗಾಟ ಶುರುವಾಯಿತೆಂದು ಓಡಿ ಬಂದ ಮಗ ಬಾಗಿಲಲ್ಲೇ ನಿಂತ.

ನಕ್ಕು ಸಾಕಾದ ಮೇಲೆ ಮಾವ ಕಣ್ಣಿಗೆ ಕೈ ತಾಗದಂತೆ ಎಚ್ಚರದಿಂದ ಕೆನ್ನೆ ಒರೆಸಿಕೊಂಡರು. "ನಾಳೆಯಿಂದ ನೀವಿಬ್ರೂ ನೋಡ್ಕೊಳ್ಳಿ. ನನ್ನನ್ನ ಏನೂ ಕೇಳಬೇಡಿ, ನನಗೇ ಗೊತ್ತಿಲ್ಲ. ಕೇಳಿದೋರಿಗೆ ಇನ್ಮೇಲೆ ಹಿಟ್ಟಕ್ಕನ ಬ್ರೆಡ್ಡು ಅಂತಲೇ ಹೇಳ್ತೀನಿ. ಒಂದು ಹಾಳೆ ಕೊಡು ಮಗು."

ಸೊಸೆ ಆರ್ಡರು ಬರೆಯುವ ಪುಸ್ತಕ ತಂದಳು. ಮಾವ ಅದರಿಂದ ಒಂದು ಹಾಳೆ ಕಿತ್ತು, ಮೇಜಿನ ಹಿಟ್ಟು ಸರಿಸಿ, ಪೆನ್ನು ಹಿಡಿದರು. "ಹೇಳು ಹಿಟ್ಟಕ್ಕ, ನಾನು ಬರೀತೀನಿ." ಮೊದಲೆರಡು ಸಾಲು ಬೇಗ ಮುಗಿದವು. ಮೂರನೆಯದಕ್ಕೆ ಬಂದಾಗ ಸೊಸೆ ಮೆಲ್ಲಗೆ, "ಎರಡು ಗಂಟೆ ಅಂತ ಬರೆದುಬಿಟ್ರೆ ಸಾಕಲ್ವಾ?" ಎಂದಳು.

"ಬೇಸಿಗೇಲಿ ಎರಡು ಜಾಸ್ತಿ ಆಗುತ್ತೆ," ಎಂದಳು ಹಿಟ್ಟಕ್ಕ.

"ಮತ್ತೆ ಬೇಸಿಗೇಲಿ ಏನು ಮಾಡ್ತಿದ್ರಿ?"

"ಬೆರಳು ಬಿಡಿಸಿ ಇಡ್ತಿದ್ದೆ. ಆರೇ ಹಿಡಿಯೋದು. ಚಳೀಲಿ ಒತ್ತಿ ಇಡ್ತಿದ್ದೆ, ಎಂಟು."

ಮಾವನೂ ಸೊಸೆಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾವ ಮತ್ತೆ ಮೇಜಿನ ಮೇಲೆ ಬಾಗಿ, ಹಾಳೆಯ ಎಡ ಅಂಚಿನಲ್ಲಿ ಪೆನ್ನು ಊರಿದರು. "ಎಲ್ಲಿ ನಿಲ್ಲಿಸಬೇಕು ನೀನೇ ಹೇಳು," ಎಂದು ಗೆರೆ ಎಳೆಯತೊಡಗಿದರು.

"ಇನ್ನೂ," ಎಂದಳು ಹಿಟ್ಟಕ್ಕ, ಮೇಜಿನ ಮೇಲೆ ತನ್ನ ಬೆರಳುಗಳನ್ನು ಒಂದಕ್ಕೊಂದು ಒತ್ತಿ ಇಟ್ಟುಕೊಂಡು.

ಗೆರೆ ಹಾಳೆಯ ಅರ್ಧ ದಾಟಿತು.

"ಇನ್ನೂ."

ಆರ್ಡರು ಪುಸ್ತಕದ ಹಾಳೆ ಚಿಕ್ಕದು. ಪೆನ್ನು ಬಲ ಅಂಚಿನ ಹತ್ತಿರ ಬಂತು. ಮಾವ ಪೆನ್ನು ಎತ್ತದೆ ತಲೆಯೆತ್ತಿ ನೋಡಿದರು.

"ಇನ್ನೂ ಸ್ವಲ್ಪ ಯಜಮಾನ್ರೇ."

ಸೊಸೆ ಪುಸ್ತಕದಿಂದ ಇನ್ನೊಂದು ಹಾಳೆ ಕಿತ್ತು, ಅಂಚಿಗೆ ಅಂಚು ಸೇರಿಸಿ ಪಕ್ಕಕ್ಕಿಟ್ಟು, ಕೂಡಿದ ಕಡೆ ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಪೆನ್ನು ನಿಧಾನವಾಗಿ ಆ ಹಾಳೆಗೆ ದಾಟಿತು.